ಹೊಸ ಡೆಸ್ಕ್‌ಟಾಪ್, ಹಳೆಯ ಕೈರೂಢಿ

ಕಲ್ಲಡ್ಕದ ವರ್ತಕರ ಪಾಲಿಗೆ 2025 ಎರಡು ಬದಲಾವಣೆಗಳ ವರ್ಷವಾಯಿತು. ರಾಷ್ಟ್ರೀಯ ಹೆದ್ದಾರಿ 75ರ ಮೇಲ್ಸೇತುವೆ ಸಂಚಾರಕ್ಕೆ ತೆರೆದುಕೊಂಡು, ಅಂಗಡಿಗಳ ಎದುರಿನಿಂದಲೇ ಸಾಗುತ್ತಿದ್ದ ಬೆಂಗಳೂರು–ಮಂಗಳೂರು ವಾಹನಗಳು ತಲೆಯ ಮೇಲಿನಿಂದ ಹೋಗತೊಡಗಿದವು. ಅದರ ಲಾಭನಷ್ಟಗಳ ಕುರಿತು ಸಾಕಷ್ಟು ಚರ್ಚೆ ನಡೆದಿದೆ. ಎರಡನೆಯ ಬದಲಾವಣೆ ಸದ್ದಿಲ್ಲದೆ ಬಂದಿತು. ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ಸಂಸ್ಥೆಯು ವಿಂಡೋಸ್ 10ಕ್ಕೆ ನೀಡುತ್ತಿದ್ದ ಸಾಮಾನ್ಯ ಬೆಂಬಲವನ್ನು ನಿಲ್ಲಿಸಿತು. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಭಾಗದ ಅಡಿಕೆ ಖರೀದಿ ಅಂಗಡಿ, ಗೇರುಬೀಜದ ಕಾರ್ಖಾನೆ, ಹಾರ್ಡ್‌ವೇರ್ ಮಳಿಗೆಗಳಲ್ಲಿ ಲೆಕ್ಕ ಬರೆಯುವ ಗಣಕಗಳು ಮರುದಿನವೂ ಎಂದಿನಂತೆ ತೆರೆದುಕೊಂಡದ್ದರಿಂದ ಅನೇಕರಿಗೆ ಇದು ಗಮನಕ್ಕೇ ಬರಲಿಲ್ಲ.

ಗಮನಕ್ಕೆ ಬಂದವರ ಮುಂದಿದ್ದ ಹಾದಿಗಳು ಮೂರು. ವಿಂಡೋಸ್ 11 ಹಾಕಿಸುವುದು ಒಂದು. ಆದರೆ ಅದಕ್ಕೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ಪೂ ಇಂಟೆಲ್‌ನ ಎಂಟನೆಯ ತಲೆಮಾರಿನ ಅಥವಾ ಅದಕ್ಕಿಂತ ಹೊಸ ಸಂಸ್ಕಾರಕವೂ ಬೇಕು. 2018ಕ್ಕಿಂತ ಹಿಂದೆ ಕೊಂಡ ಬಹುಪಾಲು ಯಂತ್ರಗಳು ಚೆನ್ನಾಗಿ ಓಡುತ್ತಿದ್ದರೂ ಈ ಪರೀಕ್ಷೆಯಲ್ಲಿ ಉತ್ತೀರ್ಣವಾಗುವುದಿಲ್ಲ. ಹಾಗಾಗಿ ಈ ಹಾದಿಯೆಂದರೆ ಹೊಸ ಯಂತ್ರದ ಖರೀದಿ ಎಂದೇ ಅರ್ಥ. ಹಳೆಯದರಲ್ಲೇ ಮುಂದುವರಿಯುವುದು ಎರಡನೆಯದು. ವ್ಯವಹಾರ ಸಂಸ್ಥೆಗಳು ಶುಲ್ಕ ತೆತ್ತು ಗರಿಷ್ಠ ಮೂರು ವರ್ಷ ಭದ್ರತಾ ತಿದ್ದುಪಡಿ ಪಡೆಯಬಹುದು. ಆ ಶುಲ್ಕ ವರ್ಷದಿಂದ ವರ್ಷಕ್ಕೆ ದುಪ್ಪಟ್ಟಾಗುತ್ತದೆ. ಏನನ್ನೂ ಮಾಡದೆ ಸುಮ್ಮನಿರುವವರು 2017ರ ಮೇ ತಿಂಗಳನ್ನು ನೆನಪಿಸಿಕೊಳ್ಳುವುದು ಒಳಿತು. ಆಗ ಜಗತ್ತಿನಾದ್ಯಂತ ಕಡತಗಳನ್ನು ಬೀಗ ಹಾಕಿ ಒತ್ತೆಹಣ ಕೇಳಿದ ‘ವಾನ್ನಾಕ್ರೈ’ ಹೊಕ್ಕದ್ದು, ತಿದ್ದುಪಡಿ ಹಾಕಿಸಿಕೊಳ್ಳದ ವಿಂಡೋಸ್ ಯಂತ್ರಗಳಿಗೆ. ಆ ತಿದ್ದುಪಡಿ ಎರಡು ತಿಂಗಳ ಹಿಂದೆಯೇ ಪ್ರಕಟವಾಗಿತ್ತು. ಮೂರನೆಯ ಹಾದಿ, ಅದೇ ಯಂತ್ರಕ್ಕೆ ಉಚಿತವಾಗಿ ದೊರೆಯುವ ಲಿನಕ್ಸ್ ಕಾರ್ಯಾಚರಣಾ ವ್ಯವಸ್ಥೆಯನ್ನು ಅಳವಡಿಸುವುದು.

ಧಣಿಗಳು ಈ ಮೂರನ್ನೂ ತೂಗಿ ನೋಡುವಾಗ ಯಂತ್ರದ ಬೆಲೆ, ಪರವಾನಗಿಯ ಬೆಲೆ, ಅಳವಡಿಸುವವರ ಕೂಲಿ ಇವಿಷ್ಟನ್ನೇ ಲೆಕ್ಕಕ್ಕೆ ಹಿಡಿಯುತ್ತಾರೆ. ಸದಾ ಬಿಟ್ಟುಹೋಗುವ ಬಾಬ್ತು ಇನ್ನೊಂದಿದೆ. ಅದು ಆ ಗಣಕದ ಮುಂದೆ ದಿನವಿಡೀ ಕುಳಿತಿರುವವರ ಕೈರೂಢಿ.

ಅಡಿಕೆ ಖರೀದಿಯ ಅಂಗಡಿಯೊಂದರಲ್ಲಿ ಬೆಳಗಿನ ಹತ್ತು ಗಂಟೆಗೆ ಗುಮಾಸ್ತರ, ಊರಿನ ಮಾತಿನಲ್ಲಿ ಹೇಳುವುದಾದರೆ ‘ರೈಟರ’, ಕೆಲಸವನ್ನು ಗಮನಿಸಿದರೆ ಇದು ಅರ್ಥವಾದೀತು. ಎದುರಿಗೆ ತೂಕದ ಚೀಟಿ ಹಿಡಿದು ನಾಲ್ವರು ಕೃಷಿಕರು ನಿಂತಿರುತ್ತಾರೆ. ಅವರ ಕಣ್ಣು ಚೀಟಿಯ ಮೇಲೆ, ಕಿವಿ ದರ ಹೇಳುವ ಧಣಿಯ ಕಡೆಗೆ, ಕೈ ಮಾತ್ರ ಕೀಲಿಮಣೆಯ ಮೇಲೆ. ಮೌಸ್ ಹಿಡಿದ ಕೈ ಪರದೆಯ ಎಡಗಡೆಯ ಕೆಳಮೂಲೆಗೆ ನೋಡದೆಯೇ ಹೋಗುತ್ತದೆ. ವರ್ಷಗಟ್ಟಲೆ ಅಲ್ಲೊಂದು ಗುಂಡಿ ಇದ್ದೇ ಇತ್ತು. ಡಿ ಡ್ರೈವಿನ ಮೂರನೆಯ ಫೋಲ್ಡರಿನಲ್ಲಿ ಬಿಲ್ಲಿನ ನಮೂನೆ ಇತ್ತು. ಒಂದು ಸೋಮವಾರ ಬಂದು ನೋಡುವಾಗ ಮೂಲೆಯ ಗುಂಡಿ ಇಲ್ಲ, ಡಿ ಡ್ರೈವೂ ಇಲ್ಲ. ಅವರು ಹುಡುಕುತ್ತಿರುವಾಗ ಸಾಲು ಬೆಳೆಯುತ್ತದೆ, ಧಣಿ ನಗದು ಪೆಟ್ಟಿಗೆಯಿಂದ ತಲೆಯೆತ್ತಿ ನೋಡುತ್ತಾರೆ. ಹದಿನೈದು ವರ್ಷ ಒಂದೇ ಒಂದು ಬಿಲ್ಲು ತಪ್ಪದವರು ಒಂದು ದಿನದಲ್ಲಿ ಹೊಸಬರಾಗಿಬಿಡುತ್ತಾರೆ. ‘ವಯಸ್ಸಾಯಿತು, ಕಲಿಯಲಾಗುವುದಿಲ್ಲ’ ಎಂಬ ಮಾತು ಅಂಗಡಿಯಲ್ಲಿ ಹುಟ್ಟುವುದು ಇಂತಹ ಗಳಿಗೆಯಲ್ಲಿ. ಆ ಮಾತು ನ್ಯಾಯವಾದುದಲ್ಲ. ಕಲಿತದ್ದನ್ನು ಬಿಡುವುದು ಹೊಸದನ್ನು ಕಲಿಯುವುದಕ್ಕಿಂತ ಕಷ್ಟ. ಹೆಚ್ಚು ನುರಿತವರಿಗೆ ಆ ಕಷ್ಟ ಹೆಚ್ಚು.

ವಿಂಡೋಸ್‌ನಲ್ಲೇ ಉಳಿದರೆ ಈ ತೊಂದರೆ ತಪ್ಪುತ್ತದೆ ಎಂಬ ನಂಬಿಕೆ ವ್ಯಾಪಕವಾಗಿದೆ. ಇತಿಹಾಸ ಅದನ್ನು ಸಮರ್ಥಿಸುವುದಿಲ್ಲ. 2007ರ ಆಫೀಸ್ ತಂತ್ರಾಂಶದಲ್ಲಿ ಹಳೆಯ ಮೆನುಗಳು ಮಾಯವಾಗಿ ‘ರಿಬ್ಬನ್’ ಬಂದಿತು. 2012ರ ಅಕ್ಟೋಬರಿನಲ್ಲಿ ಬಂದ ವಿಂಡೋಸ್ 8 ‘ಸ್ಟಾರ್ಟ್’ ಗುಂಡಿಯನ್ನೇ ತೆಗೆದುಹಾಕಿತು. ಬಳಕೆದಾರರ ಅಸಮಾಧಾನಕ್ಕೆ ಮಣಿದು ಮರುವರ್ಷ 8.1ರಲ್ಲಿ ಅದನ್ನು ಮರಳಿ ತರಬೇಕಾಯಿತು. 2021ರಲ್ಲಿ ಬಿಡುಗಡೆಯಾದ ವಿಂಡೋಸ್ 11 ಅದೇ ಗುಂಡಿಯನ್ನು ಮೂಲೆಯಿಂದ ಪಟ್ಟಿಯ ನಡುವಿಗೆ ಸರಿಸಿತು. ಬಲಗುಂಡಿ ಒತ್ತಿದಾಗ ಬರುತ್ತಿದ್ದ ಆಯ್ಕೆಗಳಲ್ಲಿ ಅರ್ಧವನ್ನು ಇನ್ನೊಂದು ಕ್ಲಿಕ್ಕಿನ ಹಿಂದೆ ಬಚ್ಚಿಟ್ಟಿತು. ಲೆಕ್ಕದ ತಂತ್ರಾಂಶದ ಕಥೆಯೂ ಬೇರೆಯಲ್ಲ. ಟ್ಯಾಲಿ ಸಂಸ್ಥೆ 2020ರ ನವೆಂಬರಿನಲ್ಲಿ ಟ್ಯಾಲಿಪ್ರೈಮ್ ತಂದಾಗ ಮಾರಾಟದ ಎಫ್8, ಖರೀದಿಯ ಎಫ್9 ಕೀಲಿಗಳನ್ನು ಹಾಗೆಯೇ ಉಳಿಸಿಕೊಂಡಿತು. ಅದು ಮೆಚ್ಚತಕ್ಕ ವಿವೇಕ. ಆದರೆ ಕ್ರೆಡಿಟ್ ನೋಟ್, ಡೆಬಿಟ್ ನೋಟ್‌ಗಳ ಕೀಲಿಗಳು ಬದಲಾದವು. ಅಂದರೆ ಕಾರ್ಯಾಚರಣಾ ವ್ಯವಸ್ಥೆ ಬದಲಿಸದಿದ್ದವರೂ ಕೈರೂಢಿಯ ತೆರಿಗೆಯನ್ನು ಕಂತು ಕಂತಾಗಿ ಕಟ್ಟುತ್ತಲೇ ಬಂದಿದ್ದಾರೆ.

ಲಿನಕ್ಸ್‌ನ ಅಭಿಮಾನಿಗಳು ಇದನ್ನು ಕೇಳಿ ಬೀಗಬೇಕಾಗಿಲ್ಲ. ಅದರ ಜನಪ್ರಿಯ ರೂಪವಾದ ಉಬುಂಟು 2010ರಲ್ಲಿ ಕಿಟಕಿ ಮುಚ್ಚುವ ಗುಂಡಿಯನ್ನು ಬಲದಿಂದ ಎಡಕ್ಕೆ ಒಯ್ದು, 2017ರಲ್ಲಿ ಮತ್ತೆ ಬಲಕ್ಕೆ ತಂದಿತು. ನಡುವಿನ ಏಳು ವರ್ಷ ಕಲಿತವರ ಕೈಗಳ ಗತಿ ಏನೆಂದು ಯಾರೂ ಕೇಳಲಿಲ್ಲ! ಆದರೆ ಲಿನಕ್ಸ್‌ನಲ್ಲಿ ಒಂದು ಅನುಕೂಲವಿದೆ. ಕಲ್ಲಡ್ಕದ ‘ಕೇಟಿ’ಯನ್ನು ಕುಡಿದವರಿಗೆ ಅದನ್ನು ವಿವರಿಸುವುದು ಸುಲಭ. ಲೋಟದಲ್ಲಿ ಹಾಲು ಕೆಳಗೆ, ಡಿಕಾಕ್ಷನ್ ಮೇಲೆ. ಕಲಕುವವರೆಗೆ ಎರಡೂ ಬೇರೆ ಬೇರೆ. ಲಿನಕ್ಸ್‌ನಲ್ಲಿಯೂ ಯಂತ್ರವನ್ನು ನಡೆಸುವ ತಿರುಳು ಕೆಳಗಿದ್ದು, ಕಣ್ಣಿಗೆ ಕಾಣುವ ಡೆಸ್ಕ್‌ಟಾಪ್ ಪ್ರತ್ಯೇಕ ಪದರವಾಗಿ ಮೇಲಿರುತ್ತದೆ. ಮೇಲಿನ ಪದರ ಹಿಡಿಸದಿದ್ದರೆ ಕೆಳಗಿನದನ್ನು ಮುಟ್ಟದೆ ಬೇರೊಂದನ್ನು ಹಾಕಿಕೊಳ್ಳಬಹುದು. 2011ರಲ್ಲಿ ಗ್ನೋಮ್ ಎಂಬ ಡೆಸ್ಕ್‌ಟಾಪ್ ತನ್ನ ರೂಪವನ್ನು ಪೂರ್ತಿ ಬದಲಿಸಿದಾಗ, ಹಳೆಯ ರೂಪವೇ ಬೇಕೆಂದವರು ‘ಮಾತೆ’ ಎಂಬ ಹೆಸರಿನಲ್ಲಿ ಅದನ್ನು ಮುಂದುವರಿಸಿಕೊಂಡು ಹೋದರು. ಲಿನಕ್ಸ್ ಮಿಂಟ್ ತಂಡದವರು ‘ಸಿನಮನ್’ ಎಂಬುದನ್ನು ಕಟ್ಟಿದರು. ಕೆಳಗೊಂದು ಪಟ್ಟಿ, ಎಡಮೂಲೆಯಲ್ಲಿ ಮೆನು, ಬಲಗಡೆ ಗಡಿಯಾರ. ವಿಂಡೋಸ್ 7ರಲ್ಲಿ ಪಳಗಿದ ಕೈ ವಿಂಡೋಸ್ 11ಕ್ಕಿಂತ ಇದರಲ್ಲಿ ಬೇಗನೆ ದಾರಿ ಕಂಡುಕೊಂಡೀತು ಎಂದರೆ ಉತ್ಪ್ರೇಕ್ಷೆಯಲ್ಲ.

ಇವೆಲ್ಲ ಪರದೇಶದ ಪ್ರಯೋಗಗಳು, ಹಳ್ಳಿಯ ಪೇಟೆಗೆ ಹೊಂದುವುದಿಲ್ಲ ಎನ್ನುವವರು ಕಲ್ಲಡ್ಕದಿಂದ ಚೆರ್ಕಳಕ್ಕೆ ಹೋಗುವ ರಸ್ತೆ ಹಿಡಿಯಬೇಕು. ವಿಟ್ಲ, ಸಾರಡ್ಕ ದಾಟಿ ಗಡಿಯಾಚೆ ಪೆರ್ಲ, ಬದಿಯಡ್ಕ ಸೇರಿದರೆ ಅಲ್ಲಿನ ಕನ್ನಡ ಮಾಧ್ಯಮದ ಶಾಲೆಗಳ ಮಕ್ಕಳಿಗೆ ಲಿನಕ್ಸ್ ಡೆಸ್ಕ್‌ಟಾಪ್ ಹೊಸ ಸಂಗತಿಯೇ ಅಲ್ಲ. ಕೇರಳ ಸರಕಾರ 2001ರಲ್ಲಿ ಆರಂಭಿಸಿದ ‘ಐಟಿ ಅಟ್ ಸ್ಕೂಲ್’ ಯೋಜನೆ ಕೆಲವೇ ವರ್ಷಗಳಲ್ಲಿ ಸ್ವತಂತ್ರ ತಂತ್ರಾಂಶದತ್ತ ಹೊರಳಿತು. ಆ ದಶಕದ ಕೊನೆಯ ವೇಳೆಗೆ ಹತ್ತನೆಯ ತರಗತಿಯ ಗಣಕ ಪ್ರಾಯೋಗಿಕ ಪರೀಕ್ಷೆ ಅದರಲ್ಲಿಯೇ ನಡೆಯುತ್ತಿತ್ತು. 2017ರಲ್ಲಿ ಈ ಯೋಜನೆ ‘ಕೈಟ್’ ಎಂಬ ಸಂಸ್ಥೆಯಾಯಿತು. 2019ರಲ್ಲಿ ಉಬುಂಟು ಆಧಾರಿತ ಹೊಸ ಆವೃತ್ತಿಯನ್ನು ಬಿಡುಗಡೆ ಮಾಡಿದಾಗ ಅದು ಎರಡು ಲಕ್ಷಕ್ಕೂ ಹೆಚ್ಚು ಶಾಲಾ ಗಣಕಗಳಿಗೆ ಉದ್ದೇಶಿತವಾಗಿತ್ತು. ಮಲಯಾಳ, ಇಂಗ್ಲಿಷ್, ತಮಿಳಿನ ಜೊತೆಗೆ ಕನ್ನಡದಲ್ಲಿಯೂ ಗಣಕ ಪಠ್ಯಪುಸ್ತಕಗಳು ಅಚ್ಚಾದವು. ಹೀಗೆ ಕಾಸರಗೋಡಿನ ಕನ್ನಡದ ಮಗುವೊಂದು ಕಡತ ಉಳಿಸುವುದನ್ನೂ ಕೋಷ್ಟಕ ಹಾಕುವುದನ್ನೂ ಕನ್ನಡದ ಪಾಠವಾಗಿ, ಲಿನಕ್ಸ್‌ನ ಪರದೆಯ ಮೇಲೆ ಕಲಿಯಿತು. ಹಾಗೆ ಕಲಿತವರು ಈಗ ದುಡಿಮೆಯ ವಯಸ್ಸಿನವರು. ವಿಟ್ಲ, ಕಲ್ಲಡ್ಕ, ಬಿ.ಸಿ. ರೋಡಿನ ಅಂಗಡಿಗಳಲ್ಲಿ ಗಡಿಯಾಚೆಯಿಂದ ಬಂದು ಕೆಲಸ ಮಾಡುವವರಿದ್ದರೆ, ಧಣಿಗಳು ಅವರನ್ನು ಒಮ್ಮೆ ವಿಚಾರಿಸಿ ನೋಡಬಹುದು. ಹೊರಗಿನಿಂದ ತಂತ್ರಜ್ಞರನ್ನು ಕರೆಸಬೇಕಾದ ಅಗತ್ಯವೇ ಬೀಳದಿರಲೂಬಹುದು.

ಆದರೆ ಕೇರಳದಲ್ಲಿ ಅದು ನಡೆದದ್ದು ತಂತ್ರಾಂಶ ಉಚಿತವಾಗಿದ್ದ ಕಾರಣಕ್ಕೆ ಮಾತ್ರವಲ್ಲ. ಮೊದಲು ಶಿಕ್ಷಕರಿಗೆ ತರಬೇತಿ ಕೊಡುವ ಶಿಕ್ಷಕರನ್ನು ಸಿದ್ಧಪಡಿಸಿದರು, ಬಳಿಕ ಶಿಕ್ಷಕರನ್ನು, ಆಮೇಲೆ ಮಕ್ಕಳನ್ನು. ಅಂಗಡಿಯಲ್ಲಿ ಹಾಗಿಲ್ಲ. ಶನಿವಾರ ಸಂಜೆ ಯಾರೋ ಬಂದು ವ್ಯವಸ್ಥೆ ಬದಲಿಸಿ ಹೋಗುತ್ತಾರೆ, ಸೋಮವಾರ ಬೆಳಿಗ್ಗೆ ವ್ಯಾಪಾರ. ನಡುವೆ ಇರುವುದು ಒಂದೇ ಭಾನುವಾರ.

ಶಾಲೆಗೂ ಅಂಗಡಿಗೂ ಇನ್ನೊಂದು ವ್ಯತ್ಯಾಸವಿದೆ. ಶಾಲೆಗೆ ಟ್ಯಾಲಿ ಬೇಡ. ಟ್ಯಾಲಿ ವಿಂಡೋಸ್‌ಗಾಗಿ ರಚಿತವಾದ ತಂತ್ರಾಂಶ; ಅದನ್ನು ಹೇಗಾದರೂ ಮಾಡಿ ಲಿನಕ್ಸ್‌ನಲ್ಲಿ ಓಡಿಸುವ ಸಾಹಸವನ್ನು ಲೆಕ್ಕಪುಸ್ತಕದ ಮೇಲೆ ಮಾಡುವುದು ಬುದ್ಧಿವಂತಿಕೆಯಲ್ಲ. ಡಿಜಿಟಲ್ ಸಹಿಯ ಟೋಕನ್ನು, ಹಳೆಯ ಡಾಟ್ ಮ್ಯಾಟ್ರಿಕ್ಸ್ ಮುದ್ರಕ, ಬಾರ್‌ಕೋಡ್ ಓದುವ ಯಂತ್ರ ಇವೆಲ್ಲ ಹೊಸ ವ್ಯವಸ್ಥೆಯಲ್ಲಿ ನಡೆಯುತ್ತವೆಯೇ ಎಂಬುದನ್ನು ಒಂದೊಂದಾಗಿ ನೋಡಿಯೇ ತಿಳಿಯಬೇಕು. ಅದಕ್ಕೊಂದು ನಿರಪಾಯದ ಉಪಾಯವಿದೆ. ಲಿನಕ್ಸನ್ನು ಪೆನ್‌ಡ್ರೈವಿನಿಂದಲೇ ಚಾಲೂ ಮಾಡಬಹುದು. ಹಾರ್ಡ್‌ಡಿಸ್ಕಿನಲ್ಲಿ ಏನನ್ನೂ ಅಳಿಸಬೇಕಾಗಿಲ್ಲ. ಹಾಗೆ ಚಾಲೂ ಮಾಡಿ ಒಂದು ಬಿಲ್ಲು ಮುದ್ರಿಸಿ ನೋಡಿದರೆ ಅರ್ಧ ಸಂಶಯ ಪರಿಹಾರವಾಗುತ್ತದೆ. ಜಿಎಸ್‌ಟಿ ಜಾಲತಾಣ, ಇ–ವೇ ಬಿಲ್ಲು, ಬ್ಯಾಂಕಿನ ವ್ಯವಹಾರ ಇವು ಬ್ರೌಸರಿನಲ್ಲಿ ನಡೆಯುವಂಥವು. ಅವುಗಳಿಗೆ ಕೆಳಗಿನ ವ್ಯವಸ್ಥೆ ಯಾವುದಾದರೂ ಹೆಚ್ಚಿನ ವ್ಯತ್ಯಾಸವಾಗದು. ಆದ್ದರಿಂದ ಮೂರು ನಾಲ್ಕು ಗಣಕಗಳಿರುವಲ್ಲಿ ಟ್ಯಾಲಿ ಮತ್ತು ಸಹಿಯ ಟೋಕನ್ನಿಗಾಗಿ ಒಂದು ಒಳ್ಳೆಯ ವಿಂಡೋಸ್ 11 ಯಂತ್ರವನ್ನು ಇಟ್ಟುಕೊಂಡು, ಉಳಿದವನ್ನು ಬದಲಿಸುವುದೇ ವ್ಯವಹಾರಿಕ ಮಾರ್ಗ. ಒಂದೇ ಗಣಕವಿರುವ ಅಂಗಡಿಯವರಿಗೆ, ಅದರಲ್ಲಿ ಟ್ಯಾಲಿ ಇರುವುದಾದರೆ, ಲಿನಕ್ಸ್ ಸದ್ಯಕ್ಕೆ ಸಲ್ಲದು. ಇದನ್ನು ಹೇಳಲು ಸಂಕೋಚಪಡಬೇಕಾಗಿಲ್ಲ.

ಕನ್ನಡದ ಸಂಗತಿ ಪ್ರತ್ಯೇಕವಾಗಿ ಯೋಚಿಸಬೇಕಾದದ್ದು. ಪಟೋರ, ಉಳ್ಳಿಗಡ್ಡೆ, ಕರಿಗೋಟು ಎಂದು ಅಡಿಕೆಯ ದರ್ಜೆಗಳನ್ನು ಬರೆದ ದರಪಟ್ಟಿ, ಹತ್ತು ವರ್ಷದ ಪತ್ರವ್ಯವಹಾರ, ಕಾರ್ಮಿಕರ ಹಾಜರಿ ಇವೆಲ್ಲ ಅನೇಕ ಕಡೆಗಳಲ್ಲಿ ‘ನುಡಿ’ ಅಥವಾ ‘ಬರಹ’ದ ಹಳೆಯ ಅಕ್ಷರಶೈಲಿಗಳಲ್ಲಿವೆ. ಅವು ಯುನಿಕೋಡ್ ಅಲ್ಲ. ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಣುಕುಗಳನ್ನು ಕೂರಿಸಿದ ಏರ್ಪಾಡು ಅದು. ಆ ಅಕ್ಷರಶೈಲಿ ಇಲ್ಲದ ಯಂತ್ರದಲ್ಲಿ ಕಡತ ತೆರೆದರೆ ಕಾಣುವುದು ಸೊಟ್ಟಮೂತಿಯ ರೋಮನ್ ಅಕ್ಷರಗಳ ಸಂತೆ. ಲಿನಕ್ಸ್ ಕಡತವನ್ನು ಹಾಳುಮಾಡಿತು ಎಂದು ಭಾವಿಸುವವರುಂಟು. ಹೊಸ ವಿಂಡೋಸ್ ಯಂತ್ರದಲ್ಲಿ ತೆರೆದರೂ ಇದೇ ಆಗುತ್ತದೆ. ಹಳೆಯ ಅಕ್ಷರಶೈಲಿಯ ಕಡತಗಳನ್ನು ಹೊಸ ಯಂತ್ರಕ್ಕೆ ನಕಲು ಮಾಡಿದರೆ ಓದಲು ಬರುತ್ತದೆ. ಹುಡುಕಲು, ತಿದ್ದಲು ಬೇಕಾದವನ್ನು ಪರಿವರ್ತಕದ ಮೂಲಕ ಯುನಿಕೋಡ್‌ಗೆ ತರಬೇಕು. ತಂದ ಬಳಿಕ ಅರ್ಕಾವೊತ್ತುಗಳ ಮೇಲೆಯೂ ಅಂಕಿಗಳ ಮೇಲೆಯೂ ಒಮ್ಮೆ ಕಣ್ಣಾಡಿಸುವುದು ಕ್ಷೇಮ.

ಅಕ್ಷರ ಬದಲಾದರೂ ಕೀಲಿಮಣೆಯ ಅಭ್ಯಾಸ ಬದಲಾಗಬೇಕಾಗಿಲ್ಲ ಎಂಬುದು ಸಮಾಧಾನದ ವಿಷಯ. ಸರಕಾರ ಒಪ್ಪಿದ, ‘ನುಡಿ’ಯ ಮೂಲಕ ಮನೆಮಾತಾದ ವಿನ್ಯಾಸಕ್ಕೆ ತಳಹದಿ ಹಾಕಿದವರು ಮಂಗಳೂರು ಸಮೀಪದ ಕಿನ್ನಿಕಂಬಳದ ಪದ್ಮನಾಭ ರಾಯರು, ಅರ್ಥಾತ್ ಕೆ.ಪಿ. ರಾವ್. ‘ಕೆ’ ಒತ್ತಿದರೆ ಕ, ಒತ್ತಕ್ಷರಕ್ಕೆ ನಡುವೆ ‘ಎಫ್’. ಈ ವಿನ್ಯಾಸ ‘ಕಗಪ’ ಎಂಬ ಹೆಸರಿನಿಂದ ಲಿನಕ್ಸ್‌ನಲ್ಲಿಯೂ ದೊರೆಯುತ್ತದೆ. ಹೊಸ ವ್ಯವಸ್ಥೆ ಹಾಕಿದ ದಿನವೇ ಇದನ್ನು ಆರಿಸಿಟ್ಟರೆ ಕನ್ನಡ ಟೈಪು ಮಾಡುವ ಕೈಗೆ ಬದಲಾವಣೆ ತಿಳಿಯುವುದೇ ಇಲ್ಲ. ಇದನ್ನು ಮಾಡದೆ ಬಿಟ್ಟು, ‘ಲಿನಕ್ಸ್‌ನಲ್ಲಿ ಕನ್ನಡ ಬರುವುದಿಲ್ಲ’ ಎಂಬ ಅಪಖ್ಯಾತಿಗೆ ಕಾರಣರಾಗುವ ಅಳವಡಿಕೆಗಾರರೇ ಹೆಚ್ಚು.

ಹಾಗೆಂದು ಇಡೀ ಡೆಸ್ಕ್‌ಟಾಪನ್ನು ಮೊದಲ ದಿನವೇ ಕನ್ನಡಕ್ಕೆ ತಿರುಗಿಸುವ ಉತ್ಸಾಹವೂ ಬೇಡ. ಲಿನಕ್ಸ್‌ನಲ್ಲಿ ಆ ಸೌಲಭ್ಯವಿದೆ, ಅದು ಹೆಮ್ಮೆಯ ವಿಷಯವೇ. ಆದರೆ ಇಷ್ಟು ವರ್ಷ ‘ಸೇವ್’, ‘ಪ್ರಿಂಟ್’ ಎಂಬಲ್ಲಿ ಒತ್ತಿದವರಿಗೆ ಜಾಗವೂ ಬದಲಾಗಿ ಹೆಸರೂ ಬದಲಾದರೆ ಹೊರೆ ಇಮ್ಮಡಿಯಾಗುತ್ತದೆ. ಒಂದು ವರ್ಷ ಕಳೆಯಲಿ.

ಚಿಕ್ಕಪುಟ್ಟ ಎಡವುಗಲ್ಲುಗಳನ್ನು ಮೊದಲೇ ಹೇಳಿಟ್ಟರೆ ಅರ್ಧ ಗಾಬರಿ ತಪ್ಪುತ್ತದೆ. ಸಿ, ಡಿ ಎಂಬ ಡ್ರೈವುಗಳ ಬದಲು ಬಳಕೆದಾರರ ಹೆಸರಿನ ‘ಹೋಮ್’ ಫೋಲ್ಡರ್ ಇರುತ್ತದೆ. ಕಡತದ ಹೆಸರಿನಲ್ಲಿ ದೊಡ್ಡಕ್ಷರ, ಚಿಕ್ಕಕ್ಷರ ಬೇರೆ ಬೇರೆ ಎಂದೇ ಎಣಿಕೆ. ಒಂದೇ ಹೆಸರನ್ನು ಎರಡು ರೀತಿ ಬರೆದರೆ ಎರಡು ಕಡತಗಳಾಗುತ್ತವೆ. ಮಾರ್ಚ್ ತಿಂಗಳ ದಾಸ್ತಾನು ಪಟ್ಟಿ ಎರಡಾಗುವುದು ಹೀಗೆ. ಮೌಸಿನ ನಡುವಿನ ಚಕ್ರವನ್ನು ಒತ್ತಿದರೆ, ಕೊನೆಗೆ ಆಯ್ಕೆ ಮಾಡಿದ ಪದಗಳು ಅಲ್ಲೇ ಅಂಟಿಕೊಳ್ಳುವುದುಂಟು. ಇನ್‌ವಾಯ್ಸಿನ ನಡುವೆ ಯಾರದೋ ವಿಳಾಸ ಪ್ರತ್ಯಕ್ಷವಾದರೆ ಅದು ವೈರಸ್ ಅಲ್ಲ, ಬೆರಳಿನ ಭಾರ. ಹೊಸ ತಂತ್ರಾಂಶ ಹಾಕುವಾಗ ಗುಪ್ತಪದ ಕೇಳುತ್ತದೆ. ಆ ಗುಪ್ತಪದ ಅಳವಡಿಸಿದ ಹುಡುಗನ ಬಳಿ ಮಾತ್ರ ಇರುವುದು ಸಲ್ಲದು.

ಯಾವುದನ್ನು ಮೊದಲು ಬದಲಿಸಬೇಕು ಎಂಬ ಪ್ರಶ್ನೆಗೆ ಫ್ರಾನ್ಸಿನ ‘ಜಾಂಡರ್ಮರಿ’ ಪೊಲೀಸ್ ಪಡೆಯ ಅನುಭವ ಬೆಳಕು ಚೆಲ್ಲುತ್ತದೆ. ಅವರು 2005ರಲ್ಲಿ ವಿಂಡೋಸ್‌ನಲ್ಲೇ ಇದ್ದುಕೊಂಡು ಓಪನ್‌ಆಫೀಸ್ ಬಳಸತೊಡಗಿದರು, ಮರುವರ್ಷ ಫೈರ್‌ಫಾಕ್ಸ್ ಮತ್ತು ಥಂಡರ್‌ಬರ್ಡ್. ಕೈಗಳು ಇವುಗಳಿಗೆ ಒಗ್ಗಿದ ಬಳಿಕವೇ ಕೆಳಗಿನ ವಿಂಡೋಸನ್ನು ತೆಗೆದು ಉಬುಂಟು ಹಾಕಿದರು. ಕಾಲಕ್ರಮೇಣ 70 ಸಾವಿರಕ್ಕೂ ಹೆಚ್ಚು ಗಣಕಗಳು ಹೀಗೆ ಬದಲಾದವು. ಜರ್ಮನಿಯ ಮ್ಯೂನಿಕ್ ನಗರಾಡಳಿತ 2003ರಲ್ಲಿ ನಿರ್ಧರಿಸಿ, ಸುಮಾರು 15 ಸಾವಿರ ಗಣಕಗಳನ್ನು ಲಿನಕ್ಸ್‌ಗೆ ಒಯ್ದು, 2017ರಲ್ಲಿ ವಿಂಡೋಸ್‌ಗೆ ಮರಳಲು ತೀರ್ಮಾನಿಸಿತು. ಅದರಲ್ಲಿ ರಾಜಕೀಯವೂ ಇತ್ತು, ನೌಕರರ ದೂರುಗಳೂ ಇದ್ದವು. ಒಮ್ಮೆ ಹೋದ ಮಾತ್ರಕ್ಕೆ ಗೆದ್ದಂತಲ್ಲ ಎಂಬುದಕ್ಕೆ ಅದೂ ಉದಾಹರಣೆಯೇ. ಅಂಗಡಿಯವರು ಫ್ರೆಂಚರ ಕ್ರಮವನ್ನು ಅನುಸರಿಸುವುದಕ್ಕೆ ಒಂದು ಪೈಸೆಯ ಖರ್ಚೂ ಇಲ್ಲ. ಈಗಿರುವ ಯಂತ್ರದಲ್ಲಿಯೇ ಲಿಬ್ರೆಆಫೀಸ್ ಹಾಕಿಸಿ ಮೂರು ತಿಂಗಳು ದರಪಟ್ಟಿ, ಪತ್ರಗಳನ್ನು ಅದರಲ್ಲಿ ಬರೆಯಲಿ. ಅದರ ಮೆನುಗಳು 2003ರ ಆಫೀಸನ್ನು ಬಲ್ಲವರಿಗೆ ಹಳೆಯ ಪರಿಚಿತರಂತೆ ತೋರುತ್ತವೆ. ಡೆಸ್ಕ್‌ಟಾಪ್ ಬದಲಾಗುವ ದಿನ ಕನಿಷ್ಠ ಕೆಲಸದ ಕಿಟಕಿಯಾದರೂ ನಿನ್ನೆಯದೇ ಆಗಿರುತ್ತದೆ.

ವಾಣಿಜ್ಯ ಸಂಘಗಳಿಗೂ ಇಲ್ಲಿ ಒಂದು ಕೆಲಸವಿದೆ. ತೆರಿಗೆ ಕಾನೂನು ಬದಲಾದಾಗ ಕಾರ್ಯಾಗಾರ ನಡೆಸುವ ಸಂಘ, ಗಣಕದ ಪರದೆ ಬದಲಾದಾಗ ಸುಮ್ಮನಿರುವುದೇಕೆ? ಕಚೇರಿಯ ಮೂಲೆಯಲ್ಲಿ ಹೊಸ ಡೆಸ್ಕ್‌ಟಾಪಿನ ಒಂದು ಗಣಕವನ್ನಿಟ್ಟು, ಸದಸ್ಯರ ಗುಮಾಸ್ತರು ವಾರಕ್ಕೆರಡು ಸಂಜೆ ಬಂದು ಕೈ ಪಳಗಿಸಿಕೊಳ್ಳಲು ಅವಕಾಶ ಮಾಡಿಕೊಟ್ಟರೆ ಸಾಕು. ಅಲ್ಲಿ ಧಣಿಗಳು ಇಲ್ಲದಿದ್ದರೆ ಇನ್ನೂ ಉತ್ತಮ; ತಪ್ಪು ಮಾಡಲು ಧೈರ್ಯ ಬರುತ್ತದೆ. ಯಾವ ಡೆಸ್ಕ್‌ಟಾಪ್ ಹಿಡಿಸಿತು ಎಂದು ಅವರನ್ನೇ ಕೇಳಿ, ಆಮೇಲೆ ಅಂಗಡಿಗೆ ಅದನ್ನು ತರಲಿ.

ಬದಲಾವಣೆಗೆ ತಿಂಗಳನ್ನೂ ನೋಡಿಕೊಳ್ಳಬೇಕು. ಮಾರ್ಚ್–ಏಪ್ರಿಲ್ ಸಲ್ಲದು, ಹೊಸ ಅಡಿಕೆ ಅಂಗಡಿಗೆ ಬರುವ ಕಾಲವೂ ಸಲ್ಲದು. ಆಟಿಯಲ್ಲಿ ವ್ಯಾಪಾರ ಹೇಗೂ ಮಂದ. ಆ ತಿಂಗಳಲ್ಲಿ ಜಿಎಸ್‌ಟಿಯ 20ನೆಯ ತಾರೀಕು ದಾಟಿದ ಮೇಲಿನ ವಾರ ಹೆಚ್ಚು ಸೂಕ್ತ, ಯುಪಿಎಸ್ ಸುಸ್ಥಿತಿಯಲ್ಲಿದ್ದರೆ. ಹಳೆಯ ಯಂತ್ರವನ್ನೇ ಬಳಸುವವರು ಅದರ ಹಾರ್ಡ್‌ಡಿಸ್ಕನ್ನು ಅಳಿಸಿ ಹೊಸ ವ್ಯವಸ್ಥೆ ಹಾಕುವ ಬದಲು, ಅದನ್ನು ಹಾಗೆಯೇ ಹೊರತೆಗೆದು ಹೊಸ ಎಸ್‌ಎಸ್‌ಡಿಯೊಂದನ್ನು ಹಾಕಿಸುವುದು ಮೇಲು. ಹಳೆಯ ಯಂತ್ರ ಚುರುಕಾಗುತ್ತದೆ. ತೆಗೆದ ಡಿಸ್ಕಿಗೆ ತಾರೀಕಿನ ಚೀಟಿ ಅಂಟಿಸಿ, ಆ ವರ್ಷದ ಲೆಕ್ಕಪರಿಶೋಧನೆ ಮುಗಿಯುವವರೆಗೆ ಮೇಜಿನ ಖಾನೆಯಲ್ಲಿ ಬೀಗ ಹಾಕಿಡಬೇಕು. ಬೀಗದ ಕೈ ಗುಮಾಸ್ತರ ಬಳಿಯಲ್ಲಿಯೂ ಒಂದಿರಲಿ.